ಡೆಲ್ಲಾ ಪ್ರೂಯಿಟ್ ಎಂಬ ಸುಳ್ಳು

ರೆಕಾರ್ಡಿನ ನಡುವಿನ ಬಿಳಿ ಕಾಗದ ಅಷ್ಟು ಸುಲಭಕ್ಕೆ ಬಿಟ್ಟುಬರಲಿಲ್ಲ. ಮೈದಾ ಅಂಟು ಕಲಸಿ ಡೆಸ್ಮಂಡ್ ಹಾರ್ಗ್ರೀವ್ಸ್ ಅದನ್ನು ತನ್ನ ಕೈಯಾರೆ ಅಂಟಿಸಿ ನಲವತ್ತೆರಡು ವರ್ಷವಾಗಿತ್ತು. ಈಗ ಅರವತ್ತಾರು ತುಂಬಿದ ಮನುಷ್ಯ ಅಡುಗೆಮನೆಯ ಮೇಜಿನ ಮೇಲೆ ರೆಕಾರ್ಡು ಇಟ್ಟುಕೊಂಡು, ಒದ್ದೆ ಬಟ್ಟೆಯ ತುದಿಯನ್ನು ತೋರುಬೆರಳಿಗೆ ಸುತ್ತಿ, ಗೆರೆಗಳ ಮೇಲೆ ಒಂದು ಹನಿ ನೀರೂ ಇಳಿಯದಂತೆ ಉಸಿರು ಬಿಗಿಹಿಡಿದು ಉಜ್ಜುತ್ತಿದ್ದ. ಒಂದು ಗಂಟೆ ಹಿಡಿಯಿತು. ಕಾಗದ ಚೂರುಚೂರಾಗಿ ಎದ್ದು ಬಂದಮೇಲೆ ಕೆಳಗೆ ಹಸಿರು ಬಣ್ಣ ಕಂಡಿತು. ಆಮೇಲೆ ಒಂಟಿ ಕಾಲಲ್ಲಿ ನಿಂತ ಕೊಕ್ಕರೆಯ ಚಿತ್ರ. ಅದರಡಿ ಹಾಡಿದವಳ ಹೆಸರು, ಯೂಲಾ ಮೇ ಗ್ಯಾಸ್ಕಿನ್ಸ್. ಆ ಹೆಸರನ್ನು ಅವನು ಇಷ್ಟು ವರ್ಷದಲ್ಲಿ ಒಂದು ನರಪಿಳ್ಳೆಯ ಮುಂದೂ ಬಾಯಿಬಿಟ್ಟು ಹೇಳಿರಲಿಲ್ಲ.

ಕಾಗದದ ಮೇಲೆ ಅವನು ಬರೆದಿದ್ದ ಹೆಸರೇ ಬೇರೆ. ಡೆಲ್ಲಾ ಪ್ರೂಯಿಟ್. ಹಾಗೆಂಬ ಗಾಯಕಿ ಹುಟ್ಟಿದ್ದೂ ಇಲ್ಲ, ಹಾಡಿದ್ದೂ ಇಲ್ಲ. ಆದರೂ ಎಪ್ಪತ್ತೈದನೇ ಇಸವಿಯಿಂದ ನಾಲ್ಕು ವರ್ಷ ಉತ್ತರ ಇಂಗ್ಲೆಂಡಿನ ನಮ್ಮ ನೆಲ್ಸನ್ ಊರಿನ ಆಲ್ಬಿಯನ್ ಎಂಬ ನೃತ್ಯದ ಹಾಲಿನಲ್ಲಿ ರೆಕಾರ್ಡು ಹಾಕುತ್ತಿದ್ದ ಡೆಸ್ಮಂಡ್ ಡೆಲ್ಲಾ ಎಂದರೆ ಸಾಕು, ಐನೂರು ಜನ ಒಟ್ಟಿಗೆ ಕುಣಿಯಲು ನೆಲಕ್ಕೆ ಇಳಿಯುತ್ತಿದ್ದರು.

ಮುಸುಕು ಹಾಕುವ ಈ ಪದ್ಧತಿ ನಮ್ಮ ಕಡೆಯ, ಸೋಲ್ ಎಂಬ ಅಮೆರಿಕದ ಸಂಗೀತದ ಹುಚ್ಚರಿಗೆ ಮಾತ್ರ ಅರ್ಥವಾದೀತು. ಅಮೆರಿಕದಲ್ಲಿ ಗೆದ್ದ ಹಾಡು ನಮಗೆ ಬೇಡ. ಅಲ್ಲಿನ ಕಪ್ಪು ಜನ ಪ್ರಾಣ ಬಿಟ್ಟು ಹಾಡಿ, ಯಾರೂ ಕೊಳ್ಳದೆ ಗೋದಾಮಿನ ಮೂಲೆ ಸೇರಿದ ಹಾಡೇ ಬೇಕು. ಅದೂ ಎಂಥದ್ದು, ಇನ್ನೊಬ್ಬನ ಹತ್ತಿರ ಇರಬಾರದು. ಯಾರಲ್ಲೂ ಇಲ್ಲದ ರೆಕಾರ್ಡು ಯಾರಲ್ಲಿದೆಯೋ ಅವನೇ ದೊರೆ, ಅವನು ರೆಕಾರ್ಡು ಹಾಕುವ ಹಾಲಿಗೇ ಮ್ಯಾಂಚೆಸ್ಟರಿನಿಂದಲೂ ಜನ ಬಸ್ಸು ಹಿಡಿದು ಬರುವುದು. ಹೆಸರು ಹೊರಗೆ ಬಿತ್ತೋ, ಕೆಟ್ಟಿತು. ಎದುರಾಳಿ ಎರಡೇ ವಾರದಲ್ಲಿ ಎಲ್ಲಿಂದಲೋ ಇನ್ನೊಂದು ಪ್ರತಿ ಹುಡುಕಿ ತರುತ್ತಾನೆ, ನಾಲ್ಕನೇ ವಾರಕ್ಕೆ ಯಾವನೋ ಖದೀಮ ನಕಲಿ ಅಚ್ಚು ಹಾಕಿಸಿ ಸಂತೆಯಲ್ಲಿ ಮಾರುತ್ತಾನೆ. ಅದಕ್ಕೇ ರೆಕಾರ್ಡಿನ ನಡುವಿನ ಲೇಬಲ್ಲಿಗೆ ಬಿಳಿ ಕಾಗದ ಅಂಟಿಸಿ, ಬಾಯಿಗೆ ಬಂದ ಹೆಸರು ಬರೆದು, ಅದನ್ನೇ ಮೈಕಿನಲ್ಲಿ ಕೂಗುವುದು. ಇದನ್ನು ಯಾರೂ ಪಾಪ ಎನ್ನುತ್ತಿರಲಿಲ್ಲ. ಜಾಣತನ ಎನ್ನುತ್ತಿದ್ದರು.

ಡೆಸ್ಮಂಡ್ ಈಗ ಆ ಕಾಗದ ಕೀಳಲು ಕಾರಣ ಬೆರಿಲ್. ಆಗ ಆಲ್ಬಿಯನ್ ಹಾಲಿನ ಬಾಗಿಲಲ್ಲಿ ಕೋಟು ಇಸಿದುಕೊಂಡು ಚೀಟಿ ಕೊಡುತ್ತಿದ್ದ ಹುಡುಗಿ, ಈಗ ಮೊಮ್ಮಕ್ಕಳ ಅಜ್ಜಿ. ಬುಧವಾರ ಅವನ ಮನೆಗೆ ಬಂದು ಕುರ್ಚಿಯಲ್ಲಿ ಕೂರುವ ಮೊದಲೇ ಶುರುಮಾಡಿದ್ದಳು.

"ನೋಡು ಡೆಸ್ಮಂಡ್, ಭಾನುವಾರ ಮಧ್ಯಾಹ್ನ ಹಳಬರೆಲ್ಲ ಸೇರ್ತಿದೀವಿ. ಚರ್ಚಿನ ಹಿಂದಿನ ಸಭಾಂಗಣ. ಎರಡು ಗಂಟೆಗೆ ಶುರು, ಆರಕ್ಕೆ ಮುಗೀತು. ಎಂಟು ಗಂಟೆಗೆ ಎಲ್ಲರಿಗೂ ಮಾತ್ರೆ ನುಂಗೋದಿರತ್ತಲ್ಲ. ನೀನು ಬಂದು ಡೆಲ್ಲಾನ ಹಾಕ್ಬೇಕು."

"ಅದನ್ನ ಹಾಕಿ ಯಾವ ಕಾಲ ಆಯ್ತು ಬೆರಿಲ್. ಬಿಟ್ಬಿಡು."

"ಬಿಡೋಕೆ ಬಂದಿಲ್ಲ ನಾನು. ನೋಯೆಲ್ ಟ್ಯಾಟರ್ಸಾಲ್ ಮನೆಗೂ ಹೋಗಿದ್ದೆ."

ಡೆಸ್ಮಂಡ್ ಕೈಲಿದ್ದ ಚಹಾ ಕೆಳಗಿಟ್ಟ. "ಅವನೇನಂದ?"

"ಡೆಸ್ ತಾನಾಗೇ ಬಂದು ಕರೆದ್ರೆ ಯೋಚನೆ ಮಾಡ್ತೀನಿ ಅಂದ. ಅಷ್ಟೇ ಅಂದಿದ್ದು, ಮುಖ ಮಾತ್ರ ಹರಳೆಣ್ಣೆ ಕುಡಿದ ಹಾಗಿತ್ತು. ನಿಮ್ಮಿಬ್ಬರ ಮಧ್ಯೆ ಏನಾದ್ರೂ ಆಗಿದ್ಯಾ?"

"ಏನಾಗೋಕೆ ಸಾಧ್ಯ? ವಾರಕ್ಕೊಂದು ಸಲ ಮಾರ್ಕೆಟ್ಟಲ್ಲಿ ಸಿಕ್ತಾನೆ, ಮಾತಾಡ್ತೀವಿ."

ಅದು ನಿಜವೇ. ಸಿಗುತ್ತಿದ್ದರು, ಮಾತಾಡುತ್ತಿದ್ದರು. ಆಡಬೇಕಾದ ಒಂದೇ ಒಂದು ಮಾತನ್ನು ಬಿಟ್ಟು ಉಳಿದೆಲ್ಲವನ್ನೂ ಆಡುತ್ತಿದ್ದರು. ಬೆರಿಲ್ ಹೋದಮೇಲೆ ಡೆಸ್ಮಂಡ್ ಬೀರುವಿನೊಳಗಿನ ರೆಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಈ ಸಲ ನೋಯೆಲ್‌ಗೆ ಹೇಳಿಯೇಬಿಡಬೇಕು, ಹೇಳಿ ಕ್ಷಮೆ ಕೇಳಬೇಕು, ಅವನನ್ನು ಕರೆತಂದು ಇನ್ನೊಮ್ಮೆ ಕುಣಿಸಬೇಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡ. ಸಾಯುವುದರೊಳಗೆ ಅವನಿಗೆ ಆಗಬೇಕಿದ್ದ ಕೆಲಸ ಅದೊಂದೇ.

ನೋಯೆಲ್ ಮತ್ತು ಅವನು ಒಂದೇ ಬೀದಿಯಲ್ಲಿ ಬೆಳೆದವರು, ಒಂದೇ ಗಿರಣಿಗೆ ಸೇರಿದವರು. ಡೆಸ್ಮಂಡ್ ಕಚೇರಿಯಲ್ಲಿ, ನೋಯೆಲ್ ಮಗ್ಗಗಳ ರಿಪೇರಿಯಲ್ಲಿ. ವಾರವೆಲ್ಲ ಎಣ್ಣೆ ಮೆತ್ತಿಕೊಂಡು ಲಾಳಿಗಳ ಗದ್ದಲದಲ್ಲಿ ಕಿವುಡಾಗಿ ಓಡಾಡುವ ಸಣಕಲ ಶನಿವಾರ ಬಂದರೆ ಬೇರೆಯೇ ಆಳು. ಚೀಲದಲ್ಲಿ ಟವೆಲ್ಲು, ಬದಲಿ ಅಂಗಿ ಎರಡು, ಚರ್ಮದ ತಳದ ಶೂ. ಮೂಲೆಯಲ್ಲಿ ಹಲಗೆಯ ನೆಲಕ್ಕೆ ಒಂದು ಚಿಟಿಕೆ ಟಾಲ್ಕಂ ಪೌಡರ್ ಉದುರಿಸಿ, ಬುಗುರಿಯ ಹಾಗೆ ತಿರುಗಿ, ಬೆನ್ನ ಮೇಲೆ ಬೀಳುತ್ತಾನೆ ಎನ್ನುವಷ್ಟರಲ್ಲಿ ಅಂಗೈ ಊರಿ ಎದ್ದು, ತಾಳಕ್ಕೆ ಸರಿಯಾಗಿ ಹೆಜ್ಜೆ ಇಡುತ್ತಿದ್ದ. ಅವನು ಕುಣಿಯುವಾಗ ಸುತ್ತಲಿನವರು ಜಾಗ ಬಿಡುತ್ತಿದ್ದರು. ಡೆಲ್ಲಾ ಶುರುವಾದರಂತೂ ಅವನ ಮುಖ ನೋಡಬೇಕಿತ್ತು, ದೇವರ ಮುಂದೆ ನಿಂತವನ ಮುಖ.

ಪ್ರಾಣಸ್ನೇಹಿತನಿಗೂ ನಿಜವಾದ ಹೆಸರು ಹೇಳಲಿಲ್ಲವೇ ಎಂದು ನೀವು ಕೇಳಬಹುದು. ಹೇಳಲಿಲ್ಲ. ಅದಕ್ಕೂ ಕಾರಣವಿತ್ತು. ನೋಯೆಲ್‌ನ ಬಾಯಿಗೆ ಬೀಗವಿರಲಿಲ್ಲ. ಹಿಂದೊಮ್ಮೆ ಡೆಸ್ಮಂಡ್ ಮುಸುಕು ಹಾಕಿದ್ದ ಇನ್ನೊಂದು ರೆಕಾರ್ಡಿನ ಹೆಸರನ್ನು ಬ್ಲ್ಯಾಕ್‌ಪೂಲಿನಲ್ಲಿ ರೆಕಾರ್ಡು ಹಾಕುವ ಡಕ್‌ವರ್ತ್ ಎಂಬುವನ ಮುಂದೆ ಒದರಿಬಿಟ್ಟಿದ್ದ. ದುಡ್ಡಿನ ಆಸೆಗಲ್ಲ, ಪಾಪ. "ಅಷ್ಟು ಆಸೆಯಿಂದ ಕೇಳ್ದ ಕಣೋ, ಹೆಂಗೆ ಇಲ್ಲ ಅನ್ಲಿ" ಎಂದ. ತಿಂಗಳೊಳಗೆ ಆ ಹಾಡು ಊರೂರಲ್ಲೂ ನಾಯಿಪಾಡಾಯಿತು. ಆಡಿದ ಮಾತು, ಒಡೆದ ಮುತ್ತು ಎಂದು ಡೆಸ್ಮಂಡ್ ಆವತ್ತೇ ಪಾಠ ಕಲಿತ. ಡೆಲ್ಲಾಳ ವಿಷಯದಲ್ಲಿ ಎಲ್ಲರಿಗೂ ಹೇಳಿದ ಸುಳ್ಳನ್ನೇ ಅವನಿಗೂ ಹೇಳಿದ. ಹೇಳುವವನು ಪೂರ್ತಿ ಸುಳ್ಳನ್ನಾದರೂ ಹೇಳಬೇಕಿತ್ತು. ಹೆಸರು ಬದಲಿಸಿದವನು, ಊರನ್ನೂ ಬದಲಿಸಲು ಸೋಮಾರಿತನಪಟ್ಟು, ಲೇಬಲ್ ಮೇಲಿದ್ದ ಹಾಗೇ ಫಿಲಡೆಲ್ಫಿಯಾ ಎಂದುಬಿಟ್ಟ.

ಎಪ್ಪತ್ತೇಳರ ಸೆಪ್ಟೆಂಬರಿನಲ್ಲಿ ಗಿರಣಿಯ ಊಟದ ಹೊತ್ತು. ಇಬ್ಬರೂ ಗೋಡೆಗೆ ಒರಗಿ ಮಾಂಸದ ಪೈ ತಿನ್ನುತ್ತಿದ್ದರು.

"ಡೆಸ್, ಟಿಕೆಟ್ ತಗೊಂಡೆ ಕಣೋ."

"ಎಲ್ಲಿಗೆ, ಬ್ಲ್ಯಾಕ್‌ಪೂಲ್‌ಗಾ? ಆ ಡಕ್‌ವರ್ತ್ ಹತ್ರ ಇನ್ನೇನು ಒದರಬೇಕು ಅಂತಿದೀಯ?"

"ಫಿಲಡೆಲ್ಫಿಯಾಗೆ."

"ತಲೆ ಕೆಟ್ಟಿದ್ಯಾ? ಯಾಕೆ?"

"ಡೆಲ್ಲಾ ಹುಡುಕೋಕೆ. ಅಗ್ಗದ ವಿಮಾನ ಬಂದಿದೆಯಲ್ಲ ಈಗ. ಮೂರು ವಾರ ಅಷ್ಟೇ. ಅವಳ ಹಾಡಿಂದು ನನ್ನದೇ ಅಂತ ಒಂದು ಪ್ರತಿ ಇರ್ಬೇಕು ಕಣೋ. ಅವಳೇ ಸಿಕ್ಬಿಟ್ರೆ ಕರ್ಕೊಂಡೇ ಬರ್ತೀನಿ. ಆಲ್ಬಿಯನ್ ಹಾಲಲ್ಲಿ ನಿಂತು ಹಾಡ್ಲಿ ಮಹಾತಾಯಿ. ನಮ್ಮಮ್ಮ ಮಾಂಸದ ಹಾಟ್‌ಪಾಟ್ ಬೇಯಿಸಿ ಹಾಕ್ತಾಳೆ."

"ಲಿನೆಟ್‌ಗೆ ಹೇಳಿದ್ಯಾ?"

ಲಿನೆಟ್ ನೋಯೆಲ್‌ಗೆ ನಿಶ್ಚಯವಾಗಿದ್ದ ಹುಡುಗಿ. ವಸಂತಕ್ಕೆ ಮದುವೆ, ಮನೆ ಮಾಡಲು ಇಬ್ಬರೂ ಸೇರಿ ಎರಡು ವರ್ಷದಿಂದ ದುಡ್ಡು ಕೂಡಿಸುತ್ತಿದ್ದರು.

"ಹೇಳ್ದೆ. ಬಾಣಲೆ ಎತ್ತಿ ಒಗೆದ್ಲು. ಮನೆ ದುಡ್ಡು ಮುಟ್ಟಿದ್ರೆ ಒಗೀದೆ ಇನ್ನೇನು ಮುದ್ದು ಮಾಡ್ತಾಳಾ. ಸರಿಹೋಗ್ತಾಳೆ ಬಿಡು."

ಆಗ ಹೇಳಬಹುದಿತ್ತು. ಒಂದೇ ವಾಕ್ಯ. ಅದು ಡೆಲ್ಲಾ ಅಲ್ಲ ಮಾರಾಯ, ಯೂಲಾ ಮೇ. ನಾಲಿಗೆಯ ತುದಿಗೇ ಬಂದಿತ್ತು. ಆದರೆ ಮುಂದಿನ ತಿಂಗಳು ಹಾಲಿನ ವಾರ್ಷಿಕೋತ್ಸವ, ಡಕ್‌ವರ್ತ್ ಕಡೆಯವರೂ ಬರುವವರಿದ್ದರು. ಅದೊಂದು ಕಳೆಯಲಿ ಎಂದುಕೊಂಡ. ಇವನು ಹೋಗುವುದೂ ಸುಳ್ಳು, ಲಿನೆಟ್ ಬಿಡುವುದೂ ಸುಳ್ಳು ಎಂದೂ ಅಂದುಕೊಂಡ. ನಾಳೆ ಎಂದವನ ಮನೆ ಹಾಳು ಅಂತಾರೆ. ಇಲ್ಲಿ ನಾಳೆ ಎಂದವನು ಒಬ್ಬ, ಮನೆ ಹಾಳಾಗಿದ್ದು ಇನ್ನೊಬ್ಬನದು. ಹತ್ತು ದಿನ ಬಿಟ್ಟು ಡೆಸ್ಮಂಡ್ ಸ್ಟೇಷನ್ನಿಗೆ ಹೋಗಿ ಅವನ ಚೀಲ ಎತ್ತಿ ರೈಲಿನೊಳಗೆ ಇಟ್ಟು, "ಹುಷಾರು ಕಣೋ" ಎಂದು ಕೈಬೀಸಿ ಬಂದ.

ಮೂರು ವಾರದ ಮೇಲೆ ನೋಯೆಲ್ ಇನ್ನಷ್ಟು ಸಣ್ಣಗಾಗಿ ವಾಪಸು ಬಂದ. ನೇರ ಡೆಸ್ಮಂಡ್‌ನ ಬಾಡಿಗೆ ಕೋಣೆಗೆ ಬಂದು ಹಾಸಿಗೆಯ ಮೇಲೆ ಕುಸಿದು ಕೂತ.

"ಒಂದೂ ಸಿಗಲಿಲ್ಲ ಕಣೋ. ಒಂದು ನೆಲಮಾಳಿಗೆ ಅಂಗಡಿ, ಒಬ್ಬ ಮುದುಕ. ದಿನಾ ಬೆಳಿಗ್ಗೆ ಹೋಗಿ ಇಲಿ ಥರ ಪೆಟ್ಟಿಗೆಯೊಳಗೆ ತಲೆ ಹಾಕಿದ್ರೆ ಸಂಜೆ ತೆಗೀತಿದ್ದೆ. ದಿನಕ್ಕೆ ಸಾವಿರ ಹೆಸರು ನೋಡಿದೀನಿ, ಕಣ್ಣು ಮುಚ್ಚಿದ್ರೂ ಹೆಸರೇ. ಡೆಲ್ಲಾ ಪ್ರೂಯಿಟ್ ಅಂದ್ರೆ ಎಲ್ಲರೂ ನಗ್ತಾರೆ. ಆ ಮುದುಕ ನಲವತ್ತು ವರ್ಷದಿಂದ ಅಲ್ಲೇ ಇದ್ದಾನೆ, ಅಂಥೋಳು ಈ ಊರಲ್ಲೇ ಇಲ್ಲ, ನಿಂಗ್ಯಾರೋ ಟೋಪಿ ಹಾಕಿದಾರೆ ಅಂದ."

ನೋಯೆಲ್ ಕೋಟಿನ ಒಳಗಿಂದ ಒಂದು ರೆಕಾರ್ಡು ತೆಗೆದ.

"ಬರಿಗೈಲಿ ಬರಬಾರದು ಅಂತ ನಿಂಗಿದು ತಂದೆ. ಒಂದು ಪೆಟ್ಟಿಗೆ ತುಂಬ ಇದೇ ಇತ್ತು, ಮುದುಕ ಪುಕ್ಕಟೆ ಕೊಟ್ಟ. ಹಾಡು ಹೆಂಗಿದ್ಯೋ ಗೊತ್ತಿಲ್ಲ, ಅಲ್ಲಿ ಹಾಕಿ ಕೇಳೋಕೆ ಯಂತ್ರ ಇರಲಿಲ್ಲ. ಕೊಕ್ಕರೆ ಚೆನ್ನಾಗಿದೆ ಅಲ್ವಾ?"

ಹಸಿರು ಲೇಬಲ್. ಒಂಟಿ ಕಾಲಿನ ಕೊಕ್ಕರೆ. ಯೂಲಾ ಮೇ ಗ್ಯಾಸ್ಕಿನ್ಸ್. ಯಾವುದನ್ನು ಹುಡುಕಿಕೊಂಡು ನೋಯೆಲ್ ಸಮುದ್ರ ದಾಟಿದ್ದನೋ ಅದನ್ನೇ ಕೈಯಲ್ಲಿ ಹಿಡಿದು ನಗುತ್ತಾ ನೀಡುತ್ತಿದ್ದ.

"ಹಾಕು, ಕೇಳೋಣ," ಎಂದ ನೋಯೆಲ್.

"ಸೂಜಿ ಸವೆದಿದೆ. ಇನ್ನೊಂದು ದಿನ," ಎಂದ ಡೆಸ್ಮಂಡ್. ಸೂಜಿ ಹಿಂದಿನ ವಾರವಷ್ಟೇ ತಂದದ್ದು.

ಮುಚ್ಚಿಡುವುದು ಬೇರೆ, ಕಣ್ಣಲ್ಲಿ ಕಣ್ಣಿಟ್ಟು ಮೋಸ ಮಾಡುವುದು ಬೇರೆ. ಆ ಗೆರೆಯನ್ನು ಅವನು ದಾಟಿದ್ದು ಆವತ್ತು, ಆ ಸೂಜಿಯ ಮಾತಿನಲ್ಲಿ. ಲಿನೆಟ್ ಸರಿಹೋಗಲಿಲ್ಲ. ಉಂಗುರ ವಾಪಸು ಕೊಟ್ಟು, ವರ್ಷ ತುಂಬುವ ಮೊದಲೇ ಬರ್ನ್ಲಿಯ ಪೋಸ್ಟ್‌ಮ್ಯಾನ್ ಒಬ್ಬನನ್ನು ಕಟ್ಟಿಕೊಂಡಳು. ನೋಯೆಲ್ ಮಾರ್ಚಿಯವರೆಗೆ ಹಾಲಿಗೆ ಬಂದ. ಕೊನೆಯ ಶನಿವಾರ ಕೋಟು ಕೂಡ ತೆಗೆಯದೆ ಗೋಡೆ ಪಕ್ಕ ನಿಂತಿದ್ದು, ಡೆಲ್ಲಾ ಅರ್ಧ ಆಗುವಷ್ಟರಲ್ಲಿ ಹೊರಟುಹೋದ. ಮತ್ತೆ ಯಾವತ್ತೂ ಬರಲಿಲ್ಲ. ಇದ್ದಬದ್ದ ರೆಕಾರ್ಡುಗಳನ್ನೆಲ್ಲ ಮಾರಿದ ಎಂದೂ ಸುದ್ದಿ ಬಂತು. ಲಿನೆಟ್ ಮಾಡಿದ ಗಾಯ ಎಂದರು ಎಲ್ಲರೂ. ಡೆಸ್ಮಂಡ್ ಕೂಡ ಅದನ್ನೇ ನಂಬಿದ. ಹಾಗೆ ನಂಬಿದರೆ ಅವನಿಗೆ ಸ್ವಲ್ಪ ನಿದ್ದೆ ಬರುತ್ತಿತ್ತು.

ಮರುವರ್ಷ ಆಲ್ಬಿಯನ್ ಹಾಲು ಮುಚ್ಚಿತು. ಗುಟ್ಟಿಟ್ಟುಕೊಳ್ಳಲು ಈಗ ಯಾವ ಕಾರಣವೂ ಉಳಿದಿರಲಿಲ್ಲ, ಆದರೆ ಹೇಳಲು ಬಾಯಿಯೂ ಉಳಿದಿರಲಿಲ್ಲ. ಈ ಊರಿನ ಕಡೆ ಬಂದ ಸಂಗ್ರಾಹಕರೆಲ್ಲ ಡೆಲ್ಲಾ ನಿಜವಾಗಿ ಯಾರು ಎಂದು ಕೇಳಿದರು, ಕಾಗದ ಬರೆದರು, ಫೋನು ಮಾಡಿದರು. ಅವರಿಗೆ ಹೇಳಿದರೆ ಸುದ್ದಿ ನೋಯೆಲ್‌ಗೆ ತಲುಪುತ್ತದೆ, ಅದಕ್ಕೇ ಯಾರಿಗೂ ಹೇಳಲಿಲ್ಲ. ಎರಡೂ ರೆಕಾರ್ಡು ಮಲಗುವ ಕೋಣೆಯ ಬೀರುವಿನಲ್ಲಿ, ಉಣ್ಣೆಯ ಅಂಗಿಗಳ ಕೆಳಗೆ ಉಳಿದವು. ಬಾಯಲ್ಲಿಟ್ಟುಕೊಂಡ ಬಿಸಿತುಪ್ಪ ಅದು, ಉಗುಳುವಂತಿಲ್ಲ, ನುಂಗುವಂತಿಲ್ಲ.

ಬೆರಿಲ್ ಬಂದುಹೋದ ಮೂರನೇ ದಿನ, ಶನಿವಾರ ಬೆಳಿಗ್ಗೆ ಹತ್ತಕ್ಕೆ ಡೆಸ್ಮಂಡ್ ಹೊರಟ. ಮುಸುಕು ಕಿತ್ತ ರೆಕಾರ್ಡನ್ನು ಮನೆಯಲ್ಲೇ ಬಿಟ್ಟು, ನೋಯೆಲ್ ತಂದುಕೊಟ್ಟಿದ್ದನ್ನು ಚೀಲಕ್ಕೆ ಹಾಕಿಕೊಂಡಿದ್ದ. ನೋಯೆಲ್‌ನ ಮನೆ ದಿಬ್ಬದ ಮೇಲಿನ ಸಾಲುಮನೆಗಳಲ್ಲಿ ಕೊನೆಯದು. ತಾಯಿ ಎಡ್ನಾ ತೀರಿಕೊಂಡಮೇಲೆ ಅವನೊಬ್ಬನೇ. ಮದುವೆಯಾಗಲಿಲ್ಲ. ಗಿರಣಿ ಮುಚ್ಚಿದಮೇಲೆ ಬಸ್ಸು ಓಡಿಸಿ ನಿವೃತ್ತನಾಗಿದ್ದ. ಬಾಗಿಲು ತೆರೆದವನ ಕೈಯಲ್ಲಿ ಆಲೂಗಡ್ಡೆ ಹೆರೆಯುವ ಚಾಕು ಇತ್ತು.

"ಬಾ. ಕಾಲು ಒರೆಸ್ಕೊಂಡು ಬಾ," ಎಂದ. "ಬೆರಿಲ್ ಕಳಿಸಿದ್ಲಾ?"

"ನಾನೇ ಬಂದೆ."

"ಕೂತ್ಕೋ. ಚಹಾ ಇದೆ, ನೀನೇ ಬಗ್ಗಿಸ್ಕೋ. ಶುಂಠಿ ಕೇಕು ಡಬ್ಬಿಯಲ್ಲಿದೆ."

ಡೆಸ್ಮಂಡ್ ಚಹಾ ಬಗ್ಗಿಸಿಕೊಳ್ಳಲಿಲ್ಲ. ಚೀಲದಿಂದ ರೆಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಬರುವ ದಾರಿಯುದ್ದಕ್ಕೂ ಕಟ್ಟಿಕೊಂಡು ಬಂದಿದ್ದ ಮಾತೆಲ್ಲ ಹಾರಿಹೋಗಿತ್ತು.

"ಇದು ಗೊತ್ತಾಯ್ತಾ? ನೀನು ಅಮೆರಿಕದಿಂದ ತಂದುಕೊಟ್ಟಿದ್ದು."

"ಗೊತ್ತಾಯ್ತು."

"ಇದೇ ಅದು ನೋಯೆಲ್. ಡೆಲ್ಲಾ. ಡೆಲ್ಲಾ ಅನ್ನೋಳೇ ಇರಲಿಲ್ಲ, ಆ ಹೆಸರು ನಾನು ಕಟ್ಟಿದ್ದು. ನೀನು ಟಿಕೆಟ್ ತಗೊಂಡಾಗ ಹೇಳ್ಬೇಕಿತ್ತು. ನೀನು ಇದನ್ನ ತಂದು ಕೈಯಲ್ಲಿಟ್ಟಾಗಲಾದ್ರೂ ಹೇಳ್ಬೇಕಿತ್ತು. ಹೇಳ್ಲಿಲ್ಲ. ಸೂಜಿ ಸವೆದಿದೆ ಅಂದೆ. ನಿನ್ನ ದುಡ್ಡು ಹೋಯ್ತು, ಲಿನೆಟ್ ಹೋದ್ಲು, ಎಲ್ಲಾ ನನ್ನಿಂದ. ಇದನ್ನ ಹೇಳೋಕೆ ನನಗೆ ನಲವತ್ತು ವರ್ಷ ಹಿಡೀತು."

ನೋಯೆಲ್ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಆಲೂಗಡ್ಡೆಯ ಸಿಪ್ಪೆಯನ್ನು ಪೂರ್ತಿ ಹೆರೆದು, ನೀರಿಗೆ ಹಾಕಿ, ಇನ್ನೊಂದನ್ನು ಎತ್ತಿಕೊಂಡ.

"ಮೂವತ್ತೊಂಬತ್ತೂವರೆ," ಎಂದ.

"ಏನು?"

"ನಂಗೆ ಗೊತ್ತಾಗಿ ಮೂವತ್ತೊಂಬತ್ತೂವರೆ ವರ್ಷ ಆಯ್ತು."

ಹಿತ್ತಲಲ್ಲಿ ಪಕ್ಕದ ಮನೆಯವಳು ಬಟ್ಟೆ ಒಣಹಾಕುತ್ತಾ ಯಾರನ್ನೋ ಬೈಯುತ್ತಿದ್ದಳು.

"ನಾನು ಎರಡು ತಂದಿದ್ದೆ ಡೆಸ್. ಒಂದು ನಿಂಗೆ, ಒಂದು ಅಮ್ಮಂಗೆ. ಹಕ್ಕಿ ಚಿತ್ರ ಅಂದ್ರೆ ಅವಳಿಗೆ ಪ್ರಾಣ. ಕನ್ನಡಿ ಪಕ್ಕ ನಿಲ್ಲಿಸಿಕೊಂಡಿದ್ಲು. ಎಪ್ಪತ್ತೆಂಟು, ಮಾರ್ಚಿ ತಿಂಗಳು. ಧೂಳು ಹೊಡೀತಾ ಹೊಡೀತಾ ಏನನಿಸ್ತೋ, ತೆಗೆದು ಗ್ರಾಮಫೋನಿಗೆ ಹಾಕಿದಾಳೆ. ನಾನು ಮಹಡಿ ಮೆಟ್ಟಿಲ ಮೇಲೆ ಇದ್ದೆ, ಒಂದು ಕಾಲಿಗೆ ಬೂಟು ಹಾಕ್ಕೊಂಡಿದ್ದೆ. ಮೊದಲ ತಮಟೆ ಏಟಿಗೇ ಗೊತ್ತಾಗೋಯ್ತು."

"ಅಯ್ಯೋ ನೋಯೆಲ್."

"ಅಮ್ಮ ಹೊರಗೆ ಬಂದು, 'ಚೆನ್ನಾಗಿ ಹಾಡ್ತಾಳೆ ಅಲ್ವೇನೋ, ಯಾರೋ ಯೂಲಾ ಅಂತೆ' ಅಂದ್ಲು. ನಾನು ಹೂಂ ಅಂದೆ. ಮೂರು ವಾರ ನಾನು ಊಟ ಮಾಡ್ತಿದ್ದಿದ್ದು ಎಲ್ಲಿ ಕೂತು ಗೊತ್ತಾ? ಯೂಲಾ ತುಂಬಿದ್ದ ಆ ಪೆಟ್ಟಿಗೆ ಮೇಲೆ. ಕೂರೋಕೆ ಎತ್ತರ ಸರಿಹೋಗ್ತಿತ್ತು."

ನೋಯೆಲ್ ನಕ್ಕ. ಖುಷಿಯ ನಗೆ ಅಲ್ಲ, ಆದರೆ ಅಣಕದ್ದೂ ಅಲ್ಲ.

"ಆ ಶನಿವಾರವೇ ಹಾಲಿಗೆ ಬಂದೆ. ನೀನು ಏನಂತೀಯ ನೋಡಣ ಅಂತ. ನೀನು ಮೈಕ್ ಹಿಡ್ಕೊಂಡು, ನನ್ನ ಕಡೆಗೇ ನೋಡ್ತಾ, 'ಈಗ ಬರ್ತಾಳೆ ಡೆಲ್ಲಾ ಪ್ರೂಯಿಟ್, ಇದು ನಮ್ಮ ನೋಯೆಲ್‌ಗೋಸ್ಕರ' ಅಂದೆ. ಅದನ್ನ ಕೇಳಿ ಹೊರಟೋದೆ."

ಡೆಸ್ಮಂಡ್ ಹಾಗೆ ಅಂದದ್ದು ನಿಜ. ಹುಡುಗ ಲಿನೆಟ್‌ಳನ್ನು ಮರೆತು ಸ್ವಲ್ಪ ಕುಣಿಯಲಿ ಎಂದು ಅಕ್ಕರೆಯಿಂದ ಅಂದದ್ದು. ಅದನ್ನು ಈಗ ಹೇಳಿ ಪ್ರಯೋಜನವಿರಲಿಲ್ಲ.

"ಬಂದು ಕೆನ್ನೆಗೆ ಬಾರಿಸೋದಲ್ವೇನೋ. ಯಾಕೆ ಕೇಳ್ಲಿಲ್ಲ ನನ್ನ?"

"ಕೇಳಿದ್ರೆ ಹೇಳೋದು ಯಾವ ದೊಡ್ಡ ವಿಷಯ? ಕಳ್ಳನೂ ಸಿಕ್ಕಿಬಿದ್ದ ಮೇಲೆ ಹೇಳ್ತಾನೆ. ನೀನಾಗೇ ಹೇಳ್ಲಿ ಅಂತಿತ್ತು." ನೋಯೆಲ್ ಚಾಕು ಕೆಳಗಿಟ್ಟು ಕೈ ಒರೆಸಿಕೊಂಡ. "ಮುಸುಕು ಹಾಕಿದ್ದಕ್ಕೆ ನಂಗೆ ಬೇಜಾರಿಲ್ಲ ಕಣೋ. ನನ್ನ ಬಾಯಿ ಎಂಥದ್ದು ಅಂತ ನಂಗೆ ಗೊತ್ತಿಲ್ವಾ. ನಿನ್ನ ಜಾಗದಲ್ಲಿ ನಾನಿದ್ರೂ ಮುಚ್ಚಿಡ್ತಿದ್ದೆ. ಲಿನೆಟ್ ವಿಷಯಕ್ಕೂ ನಿನ್ನ ದೂರಲ್ಲ, ಅವಳ ದುಡ್ಡು ಮುಟ್ಟಿದ್ದು ನಾನು. ಅದನ್ನೆಲ್ಲ ಒಂದೇ ವರ್ಷಕ್ಕೆ ಬಿಟ್ಟಾಕಿದ್ದೆ. ಬಸ್ಸು ಓಡಿಸ್ತಿದ್ನಲ್ಲ, ಹದಿನೆಂಟು ವರ್ಷ ಅದೇ ಬಸ್ಸಲ್ಲಿ ನೀನು ಕೆಲಸಕ್ಕೆ ಹೋಗ್ತಿದ್ದೆ. ನನ್ನ ಪಕ್ಕದಲ್ಲೇ ಕಂಬ ಹಿಡ್ಕೊಂಡು ನಿಂತ್ಕೊಂಡು ಮಳೆ ಬಗ್ಗೆ ಹೇಳ್ತಿದ್ದೆ, ಬರ್ನ್ಲಿ ಫುಟ್‌ಬಾಲ್ ತಂಡ ಸೋತಿದ್ದು ಹೇಳ್ತಿದ್ದೆ. ನೀನು ಹತ್ತೋ ಸ್ಟಾಪು ಬಂದಾಗೆಲ್ಲ ನಾನು ಇವತ್ತು ಹೇಳ್ತಾನೆ ಅಂದ್ಕೊಳ್ತಿದ್ದೆ. ಅಮ್ಮನ ಶವಪೆಟ್ಟಿಗೆ ಹೊತ್ತಾಗ ನನ್ನ ಎದುರುಗಡೆ ಹೆಗಲು ಕೊಟ್ಟೋನು ನೀನೇ. ಮಣ್ಣು ಹಾಕಿ ಬಂದು, ಇಲ್ಲೇ, ಇದೇ ಕುರ್ಚಿಯಲ್ಲಿ ಕೂತು ನೀನು ಅತ್ತೆ. ಇವತ್ತು ಹೇಳ್ದೇ ಹೋಗಲ್ಲ ಅಂದ್ಕೊಂಡೆ. ನೀನು ಎದ್ದು, 'ಏನಾದ್ರೂ ಬೇಕಾದ್ರೆ ಹೇಳು' ಅಂತ ನಂಗೇ ಹೇಳಿ ಹೋದೆ."

ಡೆಸ್ಮಂಡ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದ. ನಾಚಿಕೆಗೆ ಮನುಷ್ಯ ಸಾಯುವ ಹಾಗಿದ್ದರೆ ಅಲ್ಲೇ ಸತ್ತಿರುತ್ತಿದ್ದ. "ಈಗ ಹೇಳ್ತಿದೀನಲ್ಲೋ. ತಪ್ಪಾಯ್ತು. ಕಾಲಿಗೆ ಬೀಳು ಅಂದ್ರೂ ಬೀಳ್ತೀನಿ."

"ಬಿದ್ರೆ ಎತ್ತೋರು ಯಾರು? ನಿನಗೂ ಮಂಡಿ ನೋವು, ನಂಗೂ ಮಂಡಿ ನೋವು."

"ನಾಳೆ ಬಾ ನೋಯೆಲ್. ನಿಜವಾದ ಹೆಸರು ಹೇಳೇ ಹಾಕ್ತೀನಿ. ಒಂದೇ ಒಂದು ಸಲ ನೀನು ಕುಣಿಯೋದು ನೋಡ್ಬೇಕು."

ನೋಯೆಲ್ ನಿಜಕ್ಕೂ ಯೋಚಿಸುತ್ತಿದ್ದಾನೆ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು, ಡೆಸ್ಮಂಡ್‌ಗೆ ಒಂದು ಗಳಿಗೆ ಆಸೆಯೂ ಹುಟ್ಟಿತು.

"ಇಲ್ಲ ಕಣೋ," ಎಂದ ಕೊನೆಗೆ. "ಕುಣಿಯೋದು ನಾನು ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಇಲ್ಲೇ ಈ ನೆಲದ ಮೇಲೆ ಪೌಡರ್ ಹಾಕ್ಕೊಂಡು ಕುಣೀತೀನಿ. ಅಮ್ಮ ಇರೋವರೆಗೂ ಬಾಗಿಲಲ್ಲಿ ನಿಂತು ಚಪ್ಪಾಳೆ ಹೊಡೀತಿದ್ಲು. ಮಿಕ್ಕಿದ್ದೆಲ್ಲ ಮಾರಿದೆ, ಅದೊಂದನ್ನ ಇಟ್ಕೊಂಡೆ. ನನಗೆ ಆ ಹಾಡೂ ಬೇಕು, ಯೂಲಾ ಮೇನೂ ಬೇಕು. ನಿನ್ನ ಮುಂದೆ ಮಾತ್ರ ಆಗಲ್ಲ. ಆಗಲ್ಲ ಅಂದ್ರೆ ಸಿಟ್ಟಿಗಲ್ಲ. ಕಾಲು ಎತ್ತೋಕೇ ಆಗಲ್ಲ."

"ಮುಂದೆ ಯಾವತ್ತಾದ್ರೂ?"

"ನೀನು ಹೇಳಿದ್ರೆ ಕುಣಿದಾಡ್ತೀನಿ ಅಂತ ಬಹಳ ವರ್ಷ ಅಂದ್ಕೊಂಡಿದ್ದೆ. ಈಗ ಹೇಳ್ದೆ. ಏನೂ ಅನ್ನಿಸ್ಲಿಲ್ಲ ನೋಡು. ತಡ ಆಗೋಯ್ತು ಡೆಸ್. ಅಷ್ಟೇ." ಮೇಜಿನ ಮೇಲಿದ್ದ ರೆಕಾರ್ಡನ್ನು ಬೆರಳಿಂದ ಅವನ ಕಡೆಗೆ ಸರಿಸಿದ. "ಇದು ನಿಂಗೆ ಅಂತ ತಂದಿದ್ದು. ತಗೊಂಡು ಹೋಗು. ಸಿಪ್ಪೆ ಮೇಲೆ ಕಾಲಿಡಬೇಡ, ಜಾರ್ತೀಯ."

ಭಾನುವಾರ ಚರ್ಚಿನ ಹಿಂದಿನ ಸಭಾಂಗಣ ತುಂಬಿತ್ತು. ಬೋಳು ತಲೆಗಳು, ದಪ್ಪ ಹೊಟ್ಟೆಗಳು, ಅಗಲ ಪ್ಯಾಂಟುಗಳು, ಪೌಡರಿನ ಪರಿಮಳ. ಕಿಟಕಿಯಿಂದ ಬಿಸಿಲು ಬೀಳುತ್ತಿದ್ದರಿಂದ ಎಷ್ಟು ಮುದುಕರಾಗಿದ್ದೇವೆ ಎಂಬುದು ಎಲ್ಲರಿಗೂ ಚೆನ್ನಾಗಿ ಕಾಣುತ್ತಿತ್ತು. ಬೆರಿಲ್ ಬಾಗಿಲಲ್ಲೇ ಹಿಡಿದಳು.

"ನೋಯೆಲ್ ಎಲ್ಲಿ?"

"ಬರಲ್ಲ."

"ನೀನು ಹೋಗಿ ಕರೀಲೇ ಇಲ್ಲ ಅಲ್ವಾ? ನಂಗ್ಗೊತ್ತಿತ್ತು."

"ಕರೆದೆ ಬೆರಿಲ್," ಎಂದು ಡೆಸ್ಮಂಡ್ ಒಳಗೆ ಹೋದ.

ನಾಲ್ಕು ಗಂಟೆಗೆ ಅವನ ಸರದಿ ಬಂತು. ಮೈಕು ಹಿಡಿದ. "ಇದರ ಹೆಸರು ಡೆಲ್ಲಾ ಪ್ರೂಯಿಟ್ ಅಲ್ಲ," ಎಂದ. "ಹಾಡಿದೋಳು ಯೂಲಾ ಮೇ ಗ್ಯಾಸ್ಕಿನ್ಸ್. ಅಮೆರಿಕಕ್ಕೆ ಹೋಗಿ ಇದನ್ನ ಹುಡುಕಿ ತಂದೋನು ನೋಯೆಲ್ ಟ್ಯಾಟರ್ಸಾಲ್. ನಾನು ಅವನ ಹತ್ತಿರವೂ ಮುಚ್ಚಿಟ್ಟೆ. ಅದು ತಪ್ಪು. ದೊಡ್ಡ ತಪ್ಪು." ಹೆಸರು ಕೇಳಿದ್ದೇ ತಡ ಸಭಾಂಗಣವೆಲ್ಲ ಹೋ ಎಂದಿತು, ಶಿಳ್ಳೆ ಬಿತ್ತು, ಆಮೇಲಿನ ಮಾತು ಯಾರ ಕಿವಿಗೂ ಸರಿಯಾಗಿ ಬೀಳಲಿಲ್ಲ. ಕೇಳಿಸಿಕೊಂಡವರು ಹಳೆಯ ಆಟಗಾರನ ತಮಾಷೆ ಎಂದು ನಕ್ಕರು. ಅವನು ಸೂಜಿ ಇಳಿಸಿದ. ಎರಡು ನಿಮಿಷ ನಲವತ್ತು ಸೆಕೆಂಡು ಯೂಲಾ ಮೇ ಎದೆ ಬಿರಿಯುವಂತೆ ಹಾಡಿದಳು, ಮಂಡಿ ನೋವಿನವರೆಲ್ಲ ಕುಣಿದರು. ಡೆಸ್ಮಂಡ್ ನೆಲದ ಕಡೆ ನೋಡಲಿಲ್ಲ, ತಿರುಗುವ ಕೊಕ್ಕರೆಯನ್ನೇ ನೋಡುತ್ತಾ ನಿಂತಿದ್ದ.

ಮುಗಿದಮೇಲೆ ಲೇಬಲ್ಲಿನ ಫೋಟೋ ತೆಗೆಯಲು ಜನ ಸಾಲುಗಟ್ಟಿದರು. ಕೊನೆಗೆ ಲೀಡ್ಸ್ ಕಡೆಯ ಸಂಗ್ರಾಹಕನೊಬ್ಬ ಬಂದ. ಐವತ್ತರ ಆಸುಪಾಸಿನ ಮನುಷ್ಯ, ಕಣ್ಣಲ್ಲಿ ನೀರು ತುಂಬಿಕೊಂಡಿದ್ದ.

"ಹದಿನೈದು ವರ್ಷದಿಂದ ಈ ಹೆಸರಿಗೆ ಒದ್ದಾಡ್ತಿದ್ದೆ ಸಾರ್. ಎಲ್ಲಾ ಮುಸುಕೂ ಯಾವತ್ತಾದ್ರೂ ಬಿಚ್ಚುತ್ತೆ, ಯಾರೋ ಒಬ್ಬ ಸ್ನೇಹಿತನ ಹತ್ರ ಬಾಯಿ ಬಿಟ್ಟೇ ಬಿಟ್ಟಿರ್ತಾರೆ. ನಿಮ್ಮದು ಮಾತ್ರ ಬಿಚ್ಚಲೇ ಇಲ್ಲ. ಇಷ್ಟು ವರ್ಷ ಒಬ್ಬರಿಗೂ ಹೇಳ್ಲಿಲ್ವಾ? ತೀರಾ ಹತ್ತಿರದವರಿಗೂ?"

"ಹತ್ತಿರದವನಿಗೂ ಹೇಳ್ಲಿಲ್ಲ," ಎಂದ ಡೆಸ್ಮಂಡ್.

"ಭೇಷ್," ಎಂದು ಆ ಮನುಷ್ಯ ಅವನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಕುಲುಕಿದ. "ನಿಮ್ಮಂಥೋರು ಈಗ ಎಲ್ಲಿದಾರೆ ಸಾರ್."